ಆಡಿ ಮುಗಿಸಿದವರಿಗೂ ದುಡ್ಡು ಕೊಡುವ ಬಾಗಿಲು ಇರಲಿ

ಗೇಮ್ ಮಾರುವ ಆನ್‌ಲೈನ್ ಅಂಗಡಿಗಳ ಆಡಳಿತದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾವು ಇಬ್ಬರೇ ಸೇರಿ ಸಣ್ಣ ಗೇಮ್ ಮಾಡುವವರು. ಕೋಡ್ ಬರೆಯುವುದು ನಾನು. ಚಿತ್ರ, ಸದ್ದು ಎಲ್ಲ ನನ್ನ ಗೆಳತಿಯದು. ಸೂರಿನಿಂದ ಬೀಳುವ ಮಳೆನೀರನ್ನು ಅತ್ತ ಇತ್ತ ತಿರುಗಿಸಿ ಕೊಡ ತುಂಬಿಸುವ ಒಗಟಿನ ಆಟ ನಮ್ಮದು. ಒಟ್ಟು 40 ಹಂತ. ಆಡೋಕೆ ಮೂರು ಗಂಟೆ ಬೇಕು. ಮಾಡೋಕೆ ಎರಡೂವರೆ ವರ್ಷ ಬೇಕಾಯಿತು, ಅದೂ ಹಗಲಿನ ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲಿ. ಆಟದಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತದಲ್ಲ, ಅದು ಬಚ್ಚಲಮನೆಯ ನಲ್ಲಿಯದು. ಮಧ್ಯರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದು.

ಈ ಆಟಕ್ಕೆ ನಾವು ಬೆಲೆ ಹಾಕಲಿಲ್ಲ. "ಇಷ್ಟ ಬಂದಷ್ಟು ಕೊಡಿ" ಅಂದೆವು. ಸೊನ್ನೆ ಕೊಟ್ಟರೂ ಸರಿ. ದೊಡ್ಡ ಆದರ್ಶ ಏನೂ ಇರಲಿಲ್ಲ. ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಬೆಲೆ ಹಾಕಿದರೆ ಯಾರೂ ಹತ್ತಿರ ಸುಳಿಯುವುದಿಲ್ಲ ಅನ್ನುವ ಭಯ. ಪೂರ್ತಿ ಬಿಟ್ಟಿ ಕೊಟ್ಟರೆ ಎರಡೂವರೆ ವರ್ಷ ಸುಮ್ನೆ ಹೋಯಿತಲ್ಲ ಅನ್ನುವ ಸಂಕಟ. ಎರಡರ ನಡುವೆ ಇದೊಂದು ದಾರಿ ಕಂಡಿತು.

ಲೆಕ್ಕದ ಪುಟ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಸೊನ್ನೆ, ಸೊನ್ನೆ, ಸೊನ್ನೆ, 1 ಡಾಲರ್, ಸೊನ್ನೆ, ಸೊನ್ನೆ, 3 ಡಾಲರ್, ಮತ್ತೆ ಸೊನ್ನೆಗಳ ಸಾಲು. ಮೊದಲ ದಿನ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಭ್ಯಾಸವಾಯಿತು. ಈ ಪತ್ರ ಆ ಸೊನ್ನೆಗಳ ಬಗ್ಗೆ ಅಲ್ಲ. ಒಂದು 15 ಡಾಲರ್ ಬಗ್ಗೆ.

ಬಿಡುಗಡೆಯಾಗಿ ಒಂದು ವರ್ಷ ಕಳೆದಿತ್ತು. ಒಬ್ಬ ಆಟಗಾರರಿಂದ ಮೇಲ್ ಬಂತು. ಅವರು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: "ಹೋದ ವರ್ಷ ಏನೂ ಕೊಡದೆ ಡೌನ್‌ಲೋಡ್ ಮಾಡಿಕೊಂಡಿದ್ದೆ. ಆಗ ನನಗೆ ಕೆಲಸ ಇರಲಿಲ್ಲ. ಈಗ ಇದೆ. 31ನೇ ಹಂತದಲ್ಲಿ ನಾಲ್ಕು ದಿನ ಒದ್ದಾಡಿದ್ದೇನೆ, ಅದಕ್ಕಾದರೂ ದುಡ್ಡು ಕೊಡಬೇಕು. ಆದರೆ ಎಲ್ಲಿ ಕೊಡೋದು ಅಂತಲೇ ಗೊತ್ತಾಗುತ್ತಿಲ್ಲ." ನಾನು ನಮ್ಮ ಪುಟಕ್ಕೆ ಹೋಗಿ ನೋಡಿದೆ. ಒಮ್ಮೆ ಡೌನ್‌ಲೋಡ್ ಮಾಡಿದವರಿಗೆ ದುಡ್ಡಿನ ಪೆಟ್ಟಿಗೆಯೇ ಕಾಣುವುದಿಲ್ಲ. ಅದರ ಜಾಗದಲ್ಲಿ "ಈ ಗೇಮ್ ಈಗಾಗಲೇ ನಿಮ್ಮ ಬಳಿ ಇದೆ" ಅಂತ ಒಂದು ಹಸಿರು ಪಟ್ಟಿ, ಅಷ್ಟೇ.

ಅವರು ಸುಮ್ಮನಿರಲಿಲ್ಲ. ಇನ್ನೊಂದು ಅಕೌಂಟ್ ತೆರೆದರು. ಅದೇ ಗೇಮನ್ನು ಎರಡನೇ ಸಲ "ಕೊಂಡರು". 15 ಡಾಲರ್ ಹಾಕಿದರು. ಅಂಗಡಿಯ ಲೆಕ್ಕದಲ್ಲಿ ಅವರು ಹೊಸ ಗಿರಾಕಿ. ಎರಡು ದಿನ ಬಿಟ್ಟು ನೋಡಿದರೆ ಆ ಪೇಮೆಂಟ್ ಪಕ್ಕದಲ್ಲಿ "ತಡೆಹಿಡಿಯಲಾಗಿದೆ" ಅಂತ ಬಂದಿತ್ತು. ಒಂದೇ ಕಾರ್ಡು, ಎರಡು ಅಕೌಂಟು, ಅನುಮಾನವಂತೆ. ನಾನು ಸಹಾಯ ವಿಭಾಗಕ್ಕೆ ಇಡೀ ಕತೆ ಬಿಡಿಸಿ ಬರೆದೆ. ಅದೇ ದಿನ ಸಂಜೆ ಉತ್ತರ ಬಂತು, ಸಿದ್ಧ ಉತ್ತರ: ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ, ನಿಮ್ಮ ಗಿರಾಕಿಗೆ ಹಣ ವಾಪಸ್ ಬೇಕಿದ್ದರೆ ಈ ಕ್ರಮ ಅನುಸರಿಸಿ.

ದುಡ್ಡು ಕೊಡೋಕೆ ಬಂದವರಿಗೆ ದುಡ್ಡು ವಾಪಸ್ ಪಡೆಯುವ ದಾರಿ ತೋರಿಸಿದರು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ಅಂಗಡಿಯ ಹೆಸರು ಇಲ್ಲಿ ಹೇಳುವುದಿಲ್ಲ. ಜಗಳ ಒಂದು ಅಂಗಡಿಯ ಜೊತೆ ಅಲ್ಲ. ನಿಮ್ಮಲ್ಲಿ ಹಲವರ ಹತ್ತಿರ "ಇಷ್ಟ ಬಂದಷ್ಟು" ಅನ್ನುವ ಪೆಟ್ಟಿಗೆಯೇ ಇಲ್ಲ. ಇರುವ ಕಡೆಯೂ ಅದು ಬಹುಮಟ್ಟಿಗೆ ಹೊಸ್ತಿಲಲ್ಲೇ ನಿಂತಿರುತ್ತದೆ, ಒಳಗೆ ಹೋದವರಿಗೆ ಸಿಗುವುದಿಲ್ಲ.

ಮಾನ್ಯರೇ, ಆಡುವ ಮುಂಚೆ "ಇದಕ್ಕೆ ಎಷ್ಟು ಕೊಡುತ್ತೀರಿ?" ಅಂತ ಕೇಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಅಳತೆಯೇ ಗೊತ್ತಿಲ್ಲ. ಎದುರಿಗಿರುವುದು ನಾಲ್ಕು ಚಿತ್ರ, ಒಂದು ನಿಮಿಷದ ವಿಡಿಯೋ. ಅದನ್ನು ನೋಡಿ ಯಾರು ತಾನೇ 15 ಡಾಲರ್ ಹಾಕುತ್ತಾರೆ? ನಾನೂ ಹಾಕುವುದಿಲ್ಲ.

ಇದು ನನ್ನೊಬ್ಬನ ಅನುಭವವೂ ಅಲ್ಲ. ವರ್ಲ್ಡ್ ಆಫ್ ಗೂ ಅನ್ನುವ ಆಟ ನಿಮಗೆಲ್ಲ ಗೊತ್ತು. 2008ರಲ್ಲಿ ಬಂತು. ಅದನ್ನು ಮಾಡಿದ ಟೂಡಿ ಬಾಯ್ ಕೂಡ ಇಬ್ಬರದೇ ಕಂಪನಿ. ಬೆಲೆ 20 ಡಾಲರ್ ಇತ್ತು. ಮೊದಲ ಹುಟ್ಟುಹಬ್ಬಕ್ಕೆ, 2009ರ ಅಕ್ಟೋಬರ್‌ನಲ್ಲಿ, ಇಷ್ಟ ಬಂದಷ್ಟು ಕೊಡಿ ಅಂತ ಬಿಟ್ಟರು. ಸುಮಾರು 57,000 ಜನ ಕೊಂಡರು. ಸರಾಸರಿ 2 ಡಾಲರ್ ಚಿಲ್ಲರೆ. ಅತಿ ಹೆಚ್ಚು ಜನ ಕೊಟ್ಟ ಮೊತ್ತ ಯಾವುದು ಗೊತ್ತಾ? 1 ಸೆಂಟ್. ಪೇಮೆಂಟ್ ಕಂಪನಿಯ ಶುಲ್ಕವೇ ಅದಕ್ಕಿಂತ ಜಾಸ್ತಿ. ಅಂದರೆ ಆ 1 ಸೆಂಟ್‌ನಲ್ಲಿ ಮಾಡಿದವರಿಗೆ ಒಂದು ಚೂರೂ ಉಳಿಯಲಿಲ್ಲ. ಆಮೇಲೆ ಅವರು ಕೊಂಡವರನ್ನೇ ಕೇಳಿದರು, ಈ ಮೊತ್ತ ಯಾಕೆ ಆರಿಸಿದಿರಿ ಅಂತ. ಈಗ ಕೈಯಲ್ಲಿ ಇರುವುದು ಇಷ್ಟೇ ಅಂದವರು ಬಹಳ. ಈ ತರಹ ಮಾರುವುದು ಇಷ್ಟವಾಯಿತು ಅಂದವರೂ ಬಹಳ. ಈ ಆಟದ ಯೋಗ್ಯತೆ ಇಷ್ಟು ಅಂತ ತೂಗಿ ಕೊಟ್ಟೆವು ಅಂದವರು ಬೆರಳೆಣಿಕೆಯಷ್ಟು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಆಡದೆ ತೂಗೋದು ಹೇಗೆ?

ಮುಂದಿನ ವರ್ಷ, 2010ರ ಮೇ ತಿಂಗಳಲ್ಲಿ, ಮೊದಲ ಹಂಬಲ್ ಇಂಡೀ ಬಂಡಲ್ ಬಂತು. ಹಲವು ಸಣ್ಣ ಆಟಗಳನ್ನು ಒಂದೇ ಕಟ್ಟು ಮಾಡಿ, ಇಷ್ಟ ಬಂದಷ್ಟಕ್ಕೆ ಮಾರುವುದು. ಅದರಲ್ಲಿ ಇದೇ ವರ್ಲ್ಡ್ ಆಫ್ ಗೂ ಕೂಡ ಇತ್ತು. ಸುಮಾರು 1 ಲಕ್ಷ 38 ಸಾವಿರ ಜನ ಸೇರಿ 12 ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟರು. ಸರಾಸರಿ 9 ಡಾಲರ್ ದಾಟಿತು. ಇದನ್ನು ಎಲ್ಲರೂ ಪವಾಡ ಅಂತ ಹೇಳುತ್ತಾರೆ. ನನಗೆ ಆ ಲೆಕ್ಕದ ಮೇಲೆ ಒಂದು ಸಣ್ಣ ತಕರಾರಿದೆ. ಬಂಡಲ್‌ನಲ್ಲಿ ಮೊದಲು ಐದು ಆಟ ಇದ್ದವು, ಆಮೇಲೆ ಆರಾದವು. 9 ಡಾಲರನ್ನು ಐದರಿಂದ ಭಾಗಿಸಿ ನೋಡಿ. ಒಂದು ಆಟಕ್ಕೆ 2 ಡಾಲರ್‌ಗಿಂತ ಕಡಿಮೆ. ಅದರಲ್ಲೂ ಒಂದು ಪಾಲು ದಾನಕ್ಕೆ ಹೋಯಿತು. ಅಂದರೆ ಒಂಟಿಯಾಗಿ ನಿಂತಾಗ ಸಿಕ್ಕಿದ್ದೂ ಬಂಡಲ್‌ನಲ್ಲಿ ಸಿಕ್ಕಿದ್ದೂ ಹತ್ತಿರ ಹತ್ತಿರ ಒಂದೇ! ಹೆಚ್ಚಾಗಿದ್ದು ಜನ. ಜನ ಬಂದದ್ದು ಯಾಕೆ? ಕೆಲವೇ ದಿನಗಳ ಗಡುವು ಇತ್ತು. ದಾನದ ಮಾತಿತ್ತು. ಮುಖ್ಯವಾಗಿ, ದುಡ್ಡು ಯಾರಿಗೆ ಎಷ್ಟು ಹೋಗಬೇಕು ಅಂತ ಕೊಡುವವರೇ ಪರದೆಯ ಮೇಲೆ ಜಾರುವ ಪಟ್ಟಿಗಳನ್ನು (ಸ್ಲೈಡರ್) ಎಳೆದು ಹಂಚಬಹುದಿತ್ತು. ಮಾಡಿದವರಿಗೆ ಇಷ್ಟು, ದಾನಕ್ಕೆ ಇಷ್ಟು.

ಆ ಪಟ್ಟಿಗಳ ಮುಂದಿನ ಕತೆಯೂ ನಿಮಗೆ ನೆನಪಿರಬೇಕು. ಬಂಡಲ್ ಮಾರುವ ಹಂಬಲ್ ಅಂಗಡಿ 2017ರಲ್ಲಿ ದೊಡ್ಡ ಕಂಪನಿಯ ಕೈಗೆ ಹೋಯಿತು. 2021ರಲ್ಲಿ ಪಟ್ಟಿಗಳನ್ನೇ ತೆಗೆಯೋಕೆ ಹೊರಟರು. ಗಿರಾಕಿಗಳು ಗಲಾಟೆ ಮಾಡಿದರು. ಪಟ್ಟಿಗಳು ಉಳಿದವು. ಆದರೆ ಅಂಗಡಿಗೆ ಇಷ್ಟು ಪಾಲು ಬಿಡಲೇಬೇಕು ಅನ್ನುವ ಮಿತಿ ಸೇರಿಕೊಂಡಿತು. ಅಂಗಡಿಗೂ ಖರ್ಚಿದೆ, ಒಪ್ಪುತ್ತೇನೆ. ಸರ್ವರ್ ಗಾಳಿಯಲ್ಲಿ ಓಡುವುದಿಲ್ಲ. ಆದರೆ "ನಿಮ್ಮ ಇಷ್ಟ" ಅಂತ ಕರೆದು ಕೂರಿಸಿ, ಆಮೇಲೆ ನಿಧಾನವಾಗಿ "ನಮ್ಮ ಇಷ್ಟ" ಮಾಡುವುದು ಚೆನ್ನಾಗಿ ಕಾಣುವುದಿಲ್ಲ ಅಲ್ವಾ?

ಈಗ ನಿಮ್ಮ ಕಡೆಯ ವಾದ. ಇಷ್ಟ ಬಂದಷ್ಟು ಅಂದರೆ ಜನ ಕೊಡುವುದಿಲ್ಲ, ಬೆಲೆಗೇ ಬೆಲೆ ಇಲ್ಲದಂತೆ ಆಗುತ್ತದೆ, ಉಳಿದ ಡೆವಲಪರ್‌ಗಳ ಹೊಟ್ಟೆಯ ಮೇಲೆ ಹೊಡೆದ ಹಾಗೆ ಅಂತ ಹೇಳುತ್ತೀರಿ. ಅರ್ಧ ಒಪ್ಪುತ್ತೇನೆ. ಎಲ್ಲ ಗೇಮನ್ನೂ ಹೀಗೆ ಮಾರಬೇಕು ಅಂತ ನಾನು ಹೇಳುತ್ತಿಲ್ಲ. ನೂರಾರು ಜನ ಸಂಬಳ ತೆಗೆದುಕೊಂಡು ಮಾಡುವ ಆಟಕ್ಕೆ ಇದು ಆಗದ ಮಾತು. ಸಣ್ಣವರಿಗೂ ಇದರಲ್ಲಿ ಭರವಸೆ ಕಡಿಮೆ. ಡ್ವಾರ್ಫ್ ಫೋರ್ಟ್ರೆಸ್ ಮಾಡಿದ ಅಣ್ಣತಮ್ಮಂದಿರನ್ನೇ ನೋಡಿ. 2006ರಿಂದ ಆಟವನ್ನು ಬಿಟ್ಟಿ ಕೊಟ್ಟರು. ಅಭಿಮಾನಿಗಳು ಕಳಿಸಿದ ದುಡ್ಡಿನಲ್ಲೇ ಬದುಕಿದರು. ಹದಿನಾರು ವರ್ಷ! ಮನೆಯಲ್ಲಿ ಕಾಯಿಲೆ ಬಂತು, ಆಸ್ಪತ್ರೆ ಖರ್ಚಿನ ಭಯ ಹತ್ತಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಹೊಸ ಚಿತ್ರಗಳಿರುವ ಆವೃತ್ತಿಯನ್ನು 29.99 ಡಾಲರ್‌ಗೆ ಮಾರಾಟಕ್ಕಿಟ್ಟರು. ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಪ್ರತಿ ಹೋದವು. ಬೆಲೆ ಹಾಕಿದ್ದಕ್ಕೆ ಯಾರೂ ಬೈಯಲಿಲ್ಲ ಅನ್ನಬಹುದು. ಎಷ್ಟೋ ಜನ ಇಷ್ಟು ವರ್ಷದ ಬಾಕಿ ತೀರಿಸುವ ಹಾಗೆ ಕೊಂಡರು. ಹಳೆಯ ಬಿಟ್ಟಿ ಆವೃತ್ತಿ ಹಾಗೇ ಉಳಿದಿದ್ದರೂ ಕೊಂಡರು.

ಈ ಕತೆಯನ್ನು ನೀವು "ನೋಡಿ, ಬೆಲೆ ಹಾಕಿದರೇ ಸರಿ" ಅಂತ ಓದಬಹುದು. ನಾನು ಬೇರೆ ತರಹ ಓದುತ್ತೇನೆ. ಹದಿನಾರು ವರ್ಷ ಆಡಿದವರು ಎಲ್ಲೆಲ್ಲೋ ಇದ್ದರು. ಅವರಲ್ಲಿ ಬಹಳ ಜನರಿಗೆ ಕೊಡುವ ಮನಸ್ಸಿತ್ತು. ಅವರು ದಿನಾ ಓಡಾಡುವ ಅಂಗಡಿಯಲ್ಲಿ, ಒಂದು ಗುಂಡಿ ಒತ್ತಿದರೆ ಆಗುವ ಹಾಗೆ, ಕೊಡುವ ಜಾಗ ಸಿಕ್ಕಿದ್ದು ಅವತ್ತು.

ಕೊಡದವರೆಲ್ಲ ಜಿಪುಣರು ಅಂತಲೂ ಅಂದುಕೊಳ್ಳಬೇಡಿ. ಮೊದಲ ಹಂಬಲ್ ಬಂಡಲನ್ನು 1 ಸೆಂಟ್‌ಗೆ ತೆಗೆದುಕೊಳ್ಳಬಹುದಿತ್ತು. ಆದರೂ ಡೌನ್‌ಲೋಡ್‌ಗಳಲ್ಲಿ ಸುಮಾರು ಕಾಲು ಭಾಗ ದುಡ್ಡು ಕೊಡದೆ ಆದದ್ದು ಅಂತ ನಡೆಸಿದವರೇ ಅಂದಾಜು ಮಾಡಿದರು. ಒಂದು ಸೆಂಟ್ ಉಳಿಸೋಕೆ ಯಾರು ಕದಿಯುತ್ತಾರೆ? ಕಾರ್ಡ್ ಇಲ್ಲದವರು ಇರಬಹುದು. ಮನೆಯಲ್ಲಿ ಕೇಳೋಕೆ ಹೆದರುವ ಹುಡುಗರು ಇರಬಹುದು. ಫಾರಂ ತುಂಬುವ ಸೋಮಾರಿತನವೂ ಇರಬಹುದು, ಅದು ನನಗೂ ಇದೆ.

ನಾಚಿಕೆಯ ಮಾತೂ ಇದೆ. 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಅಚ್ಚಾಗಿತ್ತು. ಮನರಂಜನಾ ಪಾರ್ಕ್ ಒಂದರಲ್ಲಿ ರೈಡ್ ಮುಗಿಸಿ ಇಳಿದವರಿಗೆ ಅವರದೇ ಫೋಟೋ ಮಾರಿದರು. ಒಂದು ಲಕ್ಷಕ್ಕಿಂತ ಜಾಸ್ತಿ ಜನರ ಮೇಲೆ ನಡೆದ ಪ್ರಯೋಗ. 12.95 ಡಾಲರ್ ಅಂತ ಬೆಲೆ ಇದ್ದಾಗ ನೂರಕ್ಕೆ ಒಬ್ಬರೂ ಕೊಳ್ಳಲಿಲ್ಲ. ಇಷ್ಟ ಬಂದಷ್ಟು ಅಂದಾಗ ನೂರಕ್ಕೆ ಎಂಟು ಜನ ಕೊಂಡರು, ಕೊಟ್ಟದ್ದು ಸರಾಸರಿ 1 ಡಾಲರ್‌ಗಿಂತ ಕಡಿಮೆ. ಇಷ್ಟ ಬಂದಷ್ಟು ಕೊಡಿ, ಅರ್ಧ ದಾನಕ್ಕೆ ಹೋಗುತ್ತದೆ ಅಂದಾಗ ಸರಾಸರಿ 5 ಡಾಲರ್ ದಾಟಿತು. ಆದರೆ ಕೊಳ್ಳುವವರು ಅರ್ಧಕ್ಕೆ ಇಳಿದರು! ಒಳ್ಳೆಯ ಕೆಲಸಕ್ಕೆ ಅಂದಮೇಲೆ ನಾಲ್ಕಾಣೆ ಕೊಡೋಕೆ ಮುಜುಗರ, ಜಾಸ್ತಿ ಕೊಡೋಕೆ ಮನಸ್ಸಿಲ್ಲ, ಹಾಗಾಗಿ ಫೋಟೋವೇ ಬೇಡ ಅಂತ ಹೋಗಿಬಿಟ್ಟರು ಅಂತ ನನಗೆ ಅನ್ನಿಸುತ್ತದೆ. ಇನ್ನೊಂದು ವಿಷಯ ಗಮನಿಸಿ: ಅಲ್ಲಿ ದುಡ್ಡು ಕೇಳಿದ್ದು ರೈಡ್ ಮುಗಿದ ಮೇಲೆ, ಫೋಟೋ ಕಣ್ಣೆದುರಿಗೆ ಇದ್ದಾಗ.

ಅದಕ್ಕೇ ಸೊನ್ನೆ ಕೊಡುವವರನ್ನು ಮುಜುಗರಕ್ಕೆ ತಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕೆಲವು ಕಡೆ ಬಿಟ್ಟಿ ಡೌನ್‌ಲೋಡ್‌ನ ಕೊಂಡಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿ ಅಡಗಿರುತ್ತದೆ. ಕಳ್ಳರ ಹಾಗೆ ಹುಡುಕಬೇಕು. ಇವತ್ತು ಹಾಗೆ ಅವಮಾನ ಮಾಡಿಸಿಕೊಂಡು ಹೋದವರು ನಾಳೆ ಕೆಲಸ ಸಿಕ್ಕ ಮೇಲೆ ವಾಪಸ್ ಬರುವುದಿಲ್ಲ.

ಇನ್ನು ನಿಮ್ಮಲ್ಲಿ ಕೆಲವರು "ಬಿಟ್ಟಿ ಗೇಮ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ, ಒಳಗೆ ಇಷ್ಟ ಬಂದಷ್ಟು ಖರ್ಚು ಮಾಡಬಹುದು" ಅನ್ನುತ್ತೀರಿ. ದಯವಿಟ್ಟು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿ ಆಟ ನಡುವೆ ನಿಲ್ಲುತ್ತದೆ, ಗಡಿಯಾರ ಓಡುತ್ತದೆ, "ಕಾಯುತ್ತಾ ಕೂರು, ಇಲ್ಲವೇ ದುಡ್ಡು ಕೊಡು" ಅನ್ನುತ್ತದೆ. ಅದು ಇಷ್ಟ ಬಂದಷ್ಟು ಅಲ್ಲ, ತಾಳ್ಮೆ ಕೆಟ್ಟಷ್ಟು. ನಾನು ಕೇಳುವ ಪೆಟ್ಟಿಗೆ ಆಟದ ನಡುವೆ ಎಂದೂ ಬರಬಾರದು. ಮಕ್ಕಳ ಕೈಯಲ್ಲಿ ಇರುವಾಗಲಂತೂ ಬರಲೇಬಾರದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆಡಿದ ಮೇಲೆ ಮನಸ್ಸು ಬದಲಾಗುತ್ತದೆ ಅನ್ನುವುದನ್ನು ನೀವು ಯಾವತ್ತೋ ಒಪ್ಪಿದ್ದೀರಿ. ಸ್ಟೀಮ್ ಅನ್ನುವ ದೊಡ್ಡ ಗೇಮ್ ಅಂಗಡಿ 2015ರಲ್ಲೇ ರೀಫಂಡ್ ನಿಯಮ ತಂತು: ಕೊಂಡು 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಒಳ್ಳೆಯ ನಿಯಮ. ಸಣ್ಣ ಆಟ ಮಾಡುವವರಿಗೆ ಅದರಿಂದ ಪೆಟ್ಟು ಬಿದ್ದದ್ದೂ ನಿಜ, ಎರಡು ಗಂಟೆಯಲ್ಲಿ ಆಟವೇ ಮುಗಿದುಹೋಗುತ್ತದೆ. ಆದರೂ ನಿಯಮದ ಹಿಂದಿನ ಯೋಚನೆ ಸರಿ. ಆಡುವ ಮುಂಚೆ ಗೊತ್ತಾಗಲ್ಲ, ಆಡಿದ ಮೇಲೆ ಗೊತ್ತಾಗುತ್ತದೆ, ಬೇಡ ಅನ್ನಿಸಿದರೆ ವಾಪಸ್ ತಗೊಳ್ಳಿ. ಹಾಗಾದರೆ ಆಡಿದ ಮೇಲೆ "ಇದಕ್ಕೆ ನಾನು ಕೊಟ್ಟದ್ದು ಕಡಿಮೆಯಾಯಿತು" ಅನ್ನಿಸಿದವರು ಏನು ಮಾಡಬೇಕು? ವಾಪಸ್ ಪಡೆಯೋಕೆ ಬಾಗಿಲು ಇದೆ, ಜಾಸ್ತಿ ಕೊಡೋಕೆ ಬಾಗಿಲು ಇಲ್ಲ.

ಇದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಡ. ಯಾರು ಎಷ್ಟು ಗಂಟೆ ಆಡಿದ್ದಾರೆ ಅನ್ನುವುದು ನಿಮಗೆ ನಿಮಿಷದ ಲೆಕ್ಕದಲ್ಲಿ ಗೊತ್ತು. ಕಾರ್ಡಿನ ವಿವರ ನಿಮ್ಮಲ್ಲಿದೆ. ಆಟಗಾರರ ಲೈಬ್ರರಿಯಲ್ಲಿ, ಆ ಗೇಮ್‌ನ ಹೆಸರಿನ ಪಕ್ಕದಲ್ಲಿ, ಒಂದು ಸಣ್ಣ ಪೆಟ್ಟಿಗೆ ಇಡಿ. ಅದು ಸದಾ ಅಲ್ಲೇ ಇರಲಿ. ಬಾ ಬಾ ಅಂತ ಕೂಗುವುದು ಬೇಡ, ನೆನಪಿಸುವ ಮೇಲ್ ಬೇಡ. ಒಂದು ವರ್ಷದ ಮೇಲೆ ಹುಡುಕಿಕೊಂಡು ಬಂದರೆ ಸಿಗಬೇಕು, ಅಷ್ಟು ಸಾಕು. ಬೆಲೆ ಹಾಕಿ ಮಾರುವ ಆಟಗಳಿಗೂ ಇದನ್ನು ಕೊಡಬಹುದು. ಸೇಲ್‌ನಲ್ಲಿ ಅಗ್ಗಕ್ಕೆ ಕೊಂಡವರಿಗೂ ಆಮೇಲೆ ಹಾಗೆ ಅನ್ನಿಸುವುದುಂಟು.

ಪೆಟ್ಟಿಗೆ ಬೇಕೋ ಬೇಡವೋ, ಕನಿಷ್ಠ ಮೊತ್ತ ಇರಬೇಕೋ ಬೇಡವೋ, ಅದನ್ನು ಮಾಡಿದವರಿಗೆ ಬಿಡಿ. ಕನಿಷ್ಠ ಮೊತ್ತ ಇಟ್ಟರೆ ಜನ ಅಷ್ಟೇ ಕೊಟ್ಟು ಹೋಗುತ್ತಾರೆ ಅನ್ನುವುದೂ ನಿಜ ಅಲ್ಲ. 2020ರ ಜೂನ್‌ನಲ್ಲಿ ಇಚ್.ಐಓ ಅನ್ನುವ ಗೇಮ್ ಅಂಗಡಿಯಲ್ಲಿ ಜನಾಂಗೀಯ ನ್ಯಾಯಕ್ಕಾಗಿ ಒಂದು ಬಂಡಲ್ ಮಾಡಿದರು. ಕನಿಷ್ಠ 5 ಡಾಲರ್. 8 ಲಕ್ಷಕ್ಕಿಂತ ಜಾಸ್ತಿ ಜನ 80 ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟರು. ಅಂದರೆ ತಲೆಗೆ ಸುಮಾರು 10, ಕನಿಷ್ಠದ ಎರಡು ಪಟ್ಟು. ಅದೇ ಅಂಗಡಿಯಲ್ಲಿ 2015ರಿಂದ ಅಂಗಡಿಯ ಪಾಲು ಎಷ್ಟು ಅನ್ನುವುದನ್ನೂ ಮಾಡಿದವರೇ ತೀರ್ಮಾನಿಸುತ್ತಾರೆ, ಬೇಕಿದ್ದರೆ ಸೊನ್ನೆಯೂ ಇಡಬಹುದು. ಅಂಗಡಿ ಮುಚ್ಚಿಹೋಗಲಿಲ್ಲ. ದೊಡ್ಡ ಅಂಗಡಿಗಳಲ್ಲಿ ನಮ್ಮಂಥವರು ನೂರಕ್ಕೆ 30 ಬಿಟ್ಟುಕೊಡುವುದು ರೂಢಿ. ಅದನ್ನು ಇವತ್ತೇ ಇಳಿಸಿ ಅಂತ ಕೇಳುತ್ತಿಲ್ಲ. ಆಡಿದ ಮೇಲೆ ಪ್ರೀತಿಯಿಂದ ಕೊಟ್ಟ ದುಡ್ಡಿನಲ್ಲಾದರೂ ಕಡಿಮೆ ತಗೊಳ್ಳಿ. ಕೊಡುವವರಿಗೆ ಗುಂಡಿ ಒತ್ತುವ ಮುಂಚೆಯೇ ಕಾಣಲಿ: ಮಾಡಿದವರಿಗೆ ಇಷ್ಟು, ಅಂಗಡಿಗೆ ಇಷ್ಟು, ಪೇಮೆಂಟ್ ಕಂಪನಿಗೆ ಇಷ್ಟು. ಸಣ್ಣ ಮೊತ್ತ ಶುಲ್ಕದಲ್ಲೇ ಕರಗಿಹೋಗುತ್ತಿದ್ದರೆ ಅದನ್ನೂ ಹೇಳಿಬಿಡಿ. "50 ಸೆಂಟ್ ಕೊಟ್ಟರೆ ಮಾಡಿದವರಿಗೆ ಬಹಳ ಕಡಿಮೆ ತಲುಪುತ್ತದೆ" ಅಂತ ಗೊತ್ತಾದರೆ ಜನ ತಾವೇ ಯೋಚಿಸುತ್ತಾರೆ.

ಕೊನೆಗೆ ಆ 15 ಡಾಲರ್. ತಡೆಹಿಡಿದು ಏಳು ವಾರ ಆಯಿತು. ಅದು ನಮಗೆ ಬಾರದಿದ್ದರೂ ಮುಳುಗಿಹೋಗುವುದಿಲ್ಲ. ಆದರೆ ಅದನ್ನು ಕೊಟ್ಟವರ ಅಕೌಂಟ್ ಮೇಲೆ ಅನುಮಾನದ ಗುರುತು ಇನ್ನೂ ಹಾಗೇ ಇದೆ. ಮೊದಲು ಅದನ್ನು ತೆಗೆಯಿರಿ. ಮೊನ್ನೆ ಇನ್ನೊಬ್ಬರು ಅದೇ ಪ್ರಶ್ನೆ ಕೇಳಿ ಬರೆದಿದ್ದಾರೆ: ಆಟ ಮುಗಿಸಿದೆ, ಎಲ್ಲಿ ಕೊಡಲಿ? ಎರಡನೇ ಅಕೌಂಟ್ ಮಾಡಿ ಅಂತ ಹೇಳೋಕೆ ಧೈರ್ಯ ಬರುತ್ತಿಲ್ಲ. ಅವರಿಗೆ ಉತ್ತರ ಬರೆಯದೆ ಇಟ್ಟುಕೊಂಡಿದ್ದೇನೆ.

ಇಂತಿ,
ಮಳೆನೀರಿನ ಆಟ ಮಾಡಿದ ಇಬ್ಬರಲ್ಲಿ ಒಬ್ಬ